ಮೋಲ್ಡ್ ದಿನದಿಂದ ಹಿಂದಕ್ಕೆ ಎಣಿಸಿ: ಕಟ್ಟಡದ ಕೆಲಸ ಎಡವುವುದು ಎಲ್ಲಿ?

ಸೈಟಿನಲ್ಲಿ ಕೆಲಸ ತಡವಾದರೆ ಮೊದಲು ಬೈಗುಳ ತಿನ್ನುವವರು ಗಾರೆಯವರು. ನಿಜ ನೋಡಿದರೆ ಅವರು ಕಾಯುತ್ತ ಕೂತಿರುತ್ತಾರೆ. ಡ್ರಾಯಿಂಗ್ ಬಂದಿಲ್ಲ, ಕಂಬಿ ಬಂದಿಲ್ಲ, ಬಾತ್‌ರೂಮಿನ ಪೈಪು ಎಲ್ಲಿ ಇಳಿಯಬೇಕೆಂದು ಯಾರೂ ಹೇಳಿಲ್ಲ. ಹಾಗಾಗಿ ಶೆಡ್ಯೂಲ್ ಬರೆಯುವಾಗ ಕಾಂಕ್ರೀಟ್ ಬೀಳುವ ದಿನವನ್ನು, ಅಂದರೆ ಮೋಲ್ಡ್ ದಿನವನ್ನು, ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಮನಸ್ಸು ಬದಲಾಯಿಸಿದರೆ ಡ್ರಿಲ್ಲಿಂಗ್ ಮೆಷಿನ್ನೇ ಗತಿ.

ತಾರಸಿ ಮೋಲ್ಡ್ 30ನೇ ತಾರೀಕು ಎಂದಿಟ್ಟುಕೊಳ್ಳಿ. ಮೂರು ವಾರ ಮೊದಲೇ ಸ್ಟ್ರಕ್ಚರಲ್, ಪ್ಲಂಬಿಂಗ್, ಎಲೆಕ್ಟ್ರಿಕಲ್ ಡ್ರಾಯಿಂಗ್ ಮೂರನ್ನೂ ಒಂದರ ಮೇಲೊಂದಿಟ್ಟು ನೋಡಿ. ಪೈಪು ಬೀಮನ್ನು ಎಲ್ಲಿ ತೂರುತ್ತದೆ ಎಂಬುದು ಆಗಲೇ ಕಣ್ಣಿಗೆ ಬೀಳುತ್ತದೆ. ಎರಡು ವಾರ ಮೊದಲು ಕಂಬಿಯ ಪಟ್ಟಿ ಮಾಡಿ ಆರ್ಡರ್ ಕೊಡಿ. ಒಂದು ವಾರ ಇರುವಾಗ ಸೆಂಟ್ರಿಂಗ್ (ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಹಲಗೆ, ಊರುಗೋಲು) ನಿಂತಿರಬೇಕು. ಎರಡು ದಿನ ಮೊದಲು ಕಂಬಿ ಕಟ್ಟಿ, ಫ್ಯಾನ್ ಬಾಕ್ಸ್, ವೈರಿಂಗ್ ಪೈಪು, ಪ್ಲಂಬಿಂಗಿನ ಸ್ಲೀವ್ (ಪೈಪು ಹಾಯಲು ಮೊದಲೇ ಇಡುವ ಕೊಳವೆ) ಎಲ್ಲ ಮುಗಿದಿರಬೇಕು. ಎಂಜಿನಿಯರ್ ತಪಾಸಣೆ ಹಿಂದಿನ ದಿನವೇ ಆಗಲಿ. ಕಾಂಕ್ರೀಟ್ ಲಾರಿ ಗೇಟಿನಲ್ಲಿ ಗರಗರ ತಿರುಗುತ್ತಿರುವಾಗ 'ಕಂಬಿ ತಪ್ಪಿದೆ, ಬಿಚ್ಚಿ' ಎನ್ನುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ.

ಆ ತಪಾಸಣೆಯಲ್ಲಿ ಕಂಬಿಯ ಲೆಕ್ಕವೊಂದನ್ನೇ ನೋಡಿದರೆ ಸಾಲದು. ಕಂಬಿಯನ್ನು ಹಲಗೆಯಿಂದ ದೂರ ಹಿಡಿಯುವ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಸಾಮಾನ್ಯವಾಗಿ ಸ್ಲ್ಯಾಬಿಗೆ 20 ಮಿ.ಮೀ., ಕಂಬಕ್ಕೆ 40 ಮಿ.ಮೀ.; ಡ್ರಾಯಿಂಗಿನಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ. ಜಲ್ಲಿ ಚೂರನ್ನು ಕವರ್ ಎಂದು ಇಟ್ಟಿದ್ದರೆ ತೆಗೆಸಿ. ಬಾಲ್ಕನಿಯ ಹತ್ತಿರ ಬಗ್ಗಿ ನೋಡಿ. ಹೊರಚಾಚಿದ ಸ್ಲ್ಯಾಬಿನ ಭಾರ ಹೊರುವುದು ಮೇಲಿನ ಪದರದ ಕಂಬಿ. ಓಡಾಡುವವರು ಅದನ್ನು ತುಳಿದು ಕೆಳಗಿಳಿಸಿದರೆ ಕಂಬಿ ಇದ್ದೂ ಇಲ್ಲದಂತೆ. ಅದರ ಕೆಳಗೆ ಕಂಬಿಯನ್ನೇ ಬಗ್ಗಿಸಿ ಮಾಡಿದ ಆಸರೆ (ಚೇರ್) ಕೊಟ್ಟು, ನಡೆಯಲು ಹಲಗೆ ಹಾಸಿ.

ಕಾಂಕ್ರೀಟಿನ ಲೆಕ್ಕದಲ್ಲಿ ಆಗುವ ತಪ್ಪು ಸಣ್ಣದು, ಪೆಟ್ಟು ದೊಡ್ಡದು. 100 ಚದರ ಮೀಟರ್ ತಾರಸಿಗೆ 125 ಮಿ.ಮೀ. ದಪ್ಪವೆಂದರೆ 12.5 ಘನ ಮೀಟರ್. ಇಷ್ಟಕ್ಕೇ ಆರ್ಡರ್ ಕೊಟ್ಟವರು ಬೀಮನ್ನು ಮರೆತಿರುತ್ತಾರೆ. ಸ್ಲ್ಯಾಬಿನ ಕೆಳಗೆ 230 × 325 ಮಿ.ಮೀ. ಇಳಿದಿರುವ ಬೀಮು ಒಟ್ಟು 40 ಮೀಟರ್ ಇದ್ದರೆ ಇನ್ನೂ 3 ಘನ ಮೀಟರ್ ಬೇಕು. ಅದರ ಮೇಲೆ ಶೇ. 5 ಪೋಲು ಸೇರಿಸಿದರೆ 16 ದಾಟುತ್ತದೆ. ಕೊನೆಯ ಲಾರಿ ಎರಡು ಗಂಟೆ ತಡವಾಗಿ ಬಂದರೆ ಹಳೆಯ ಅಂಚು ಅಷ್ಟರಲ್ಲಿ ಬಿಗಿಯಾಗತೊಡಗಿರುತ್ತದೆ. ಹೊಸತು ಅದಕ್ಕೆ ಕೂಡಿಕೊಳ್ಳದೆ, ಮಳೆಗಾಲದಲ್ಲಿ ಆ ಗೆರೆಯಲ್ಲೇ ನೀರು ಜಿನುಗುತ್ತದೆ. ಸುಲಭವಾಗಿ ಹರಿಯಲೆಂದು ಲಾರಿಗೆ ನೀರು ಬಿಡಲು ಯಾರಿಗೂ ಅವಕಾಶ ಕೊಡಬೇಡಿ. ಬಿಟ್ಟ ನೀರಿನಷ್ಟು ಬಲ ಕಡಿಮೆ.

ಮೋಲ್ಡ್ ಮುಗಿಯಿತೆಂದು ಮರುವಾರವೇ ಕೆಳಗೆ ಗೋಡೆ ಕೆಲಸ ಬರೆದಿಡುವುದು ಇನ್ನೊಂದು ಮಾಮೂಲಿ ತಪ್ಪು. ಸಾಧಾರಣ ಸಿಮೆಂಟು, ಬೆಚ್ಚಗಿನ ಹವೆ ಇದ್ದರೂ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಕೆಳಗಿನ ಊರುಗೋಲು ಕನಿಷ್ಠ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ, 6 ಮೀಟರ್ ಮೀರಿದ ಬೀಮಿನದು 21 ದಿನ ನಿಲ್ಲಬೇಕು. ಹಾರುಬೂದಿಯಂಥದ್ದನ್ನು ಬೆರೆಸಿದ ಸಿಮೆಂಟಿಗೆ, ಚಳಿಗೆ ಇನ್ನೂ ಹೆಚ್ಚು. ಈ ದಿನಗಳನ್ನು ಶೆಡ್ಯೂಲಿನಲ್ಲಿ ಕೆಲಸವೆಂದೇ ಬರೆಯಿರಿ. ಖಾಲಿ ಬಿಟ್ಟರೆ ಯಾರಾದರೂ ತುಂಬುತ್ತಾರೆ.

ಬದಲಾವಣೆ ಬಾಯಿಮಾತಿನಲ್ಲಿ ಬೇಡ

'ಈ ಗೋಡೆ ಒಂದಡಿ ಆಚೆ ಹಾಕಿ' ಎಂದು ಮಾಲೀಕರು ಸೈಟಿನಲ್ಲಿ ಹೇಳುತ್ತಾರೆ, ಮೇಸ್ತ್ರಿ 'ಆಯ್ತು ಸಾರ್' ಎನ್ನುತ್ತಾರೆ, ಬಿಲ್ಲು ಬಂದಾಗ ಜಗಳ. ಒಂದು ಹಾಳೆ ಸಾಕು: ಏನು ಬದಲು, ಎಷ್ಟು ಹಣ, ಎಷ್ಟು ದಿನ. ಮೂರಕ್ಕೂ ಸಹಿ ಬಿದ್ದ ಮೇಲೆ ಕೆಲಸ. ಡ್ರಾಯಿಂಗ್ ಬದಲಾದರೆ ಹೊಸದರ ಮೇಲೆ ಸಂಖ್ಯೆ, ತಾರೀಕು ಬರೆದು, ಸೈಟಿನಲ್ಲಿರುವ ಹಳೆಯ ಪ್ರತಿಗೆ ಅಡ್ಡಗೀಟು ಎಳೆದು ವಾಪಸ್ ತನ್ನಿ. ಹಳೆಯ ಡ್ರಾಯಿಂಗ್ ಸೈಟಿನಲ್ಲಿದ್ದಷ್ಟು ದಿನ ಯಾರೋ ಒಬ್ಬರು ಅದನ್ನೇ ನೋಡಿ ಕಟ್ಟುತ್ತಿರುತ್ತಾರೆ.

ಹಣವನ್ನು ತಿಂಗಳ ಲೆಕ್ಕದಲ್ಲಿ ಕೊಡದೆ, ಅಳೆದು ನೋಡಬಹುದಾದ ಕೆಲಸಕ್ಕೆ ಕೊಡಿ. ಪಾಯ, ಮೋಲ್ಡ್ ಹಂತದಲ್ಲೇ ಹೆಚ್ಚು ಹಣ ಹೋಗಿಬಿಟ್ಟರೆ ಫಿನಿಶಿಂಗಿನ ಹೊತ್ತಿಗೆ ಗುತ್ತಿಗೆದಾರರ ಆಸಕ್ತಿಯೂ ಹೋಗಿರುತ್ತದೆ. ಪ್ರತಿ ಬಿಲ್ಲಿನಲ್ಲೂ ಶೇ. 5ರಿಂದ 10 ಹಿಡಿದಿಟ್ಟುಕೊಳ್ಳುವ ಷರತ್ತು ಕರಾರಿನಲ್ಲಿ ಮೊದಲೇ ಇರಲಿ.

ಸೈಟ್ ಡೈರಿಗೆ ದಿನಕ್ಕೆ ಐದು ನಿಮಿಷ ಸಾಕು: ಎಷ್ಟು ಜನ ಬಂದರು, ಏನು ಸಾಮಾನು ಇಳಿಯಿತು, ಕೆಲಸ ನಿಂತಿದ್ದರೆ ಯಾಕೆ. ಗೋಡೆಯೊಳಗಿನ ಪೈಪುಗಳ ಫೋಟೋವನ್ನು ಪ್ಲಾಸ್ಟರಿಂಗಿಗೆ ಮೊದಲೇ ತೆಗೆದುಕೊಳ್ಳಿ. ಮೂಲೆಯಿಂದ ಪೈಪಿನವರೆಗೆ ಟೇಪು ಹಿಡಿದು, ಅಂಕಿ ಕಾಣುವಂತೆ ತೆಗೆಯಿರಿ. ಟೇಪಿಲ್ಲದ ಫೋಟೋ ಮುಂದೆ ಮೊಳೆ ಹೊಡೆಯುವಾಗ ಕೆಲಸಕ್ಕೆ ಬಾರದು.

ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ, 50 ಮಿ.ಮೀ. ನೀರು ನಿಲ್ಲಿಸಿ, ಮಟ್ಟವನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ. ಎರಡು ಮೂರು ದಿನ ಕಳೆದು ಕೆಳಗಿನ ಸೀಲಿಂಗನ್ನು ಕೈಯಿಂದ ಮುಟ್ಟಿ ನೋಡಿ. ಒಣಗಿದ್ದರೆ ಟೈಲ್ಸಿನವರಿಗೆ ಫೋನ್ ಮಾಡಿ.