ಇತಿಹಾಸದ ತರಗತಿಯಲ್ಲಿ ಒಂದು ಪಹಣಿ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. "ಬಿಎ ಓದಿ ಏನು ಕಡಿದು ಕಟ್ಟೆ ಹಾಕ್ತೀರಿ?" ಅಂತ ಈ ಮಕ್ಕಳನ್ನು ಮನೆಯಲ್ಲೂ ಕೇಳುತ್ತಾರೆ, ಬಸ್ಸಿನಲ್ಲೂ ಕೇಳುತ್ತಾರೆ. ಉದಾರ ಶಿಕ್ಷಣದಿಂದ ಸಮಾಜ ಬದಲಾಗುತ್ತಾ ಅಂತ ಭಾಷಣ ಮಾಡಲು ನನಗೆ ಬರುವುದಿಲ್ಲ. ಒಂದು ಪಾಠ ಮಾಡಿದ ಬಗೆ ಹೇಳುತ್ತೇನೆ.

ಪಾಠ ಭೂಸುಧಾರಣೆ. ದೇವರಾಜ ಅರಸು, 1974ರ ತಿದ್ದುಪಡಿ, 'ಉಳುವವನೇ ಹೊಲದೊಡೆಯ'. ನೋಟ್ಸ್ ಬರೆಸಿದರೆ ಅರ್ಧ ಗಂಟೆಯ ಕೆಲಸ. ನಾನು ಪಹಣಿ ಹಂಚಿದೆ, ಅಂದರೆ ಜಮೀನು ಯಾರದು, ಸಾಗುವಳಿ ಯಾರದು ಅಂತ ತೋರಿಸುವ ಸರ್ಕಾರಿ ದಾಖಲೆ. ನಿಮ್ಮ ಮನೆಯದು ತನ್ನಿ ಅನ್ನಲಿಲ್ಲ, ಜಮೀನೇ ಇಲ್ಲದ ಮನೆಯ ಮಕ್ಕಳು ನಮ್ಮಲ್ಲಿ ಜಾಸ್ತಿ. 'ಭೂಮಿ' ವೆಬ್‌ಸೈಟಿನಲ್ಲಿ ದೂರದ ಊರಿನದೊಂದು ತೆಗೆದು, ಸರ್ವೆ ನಂಬರ್ ಮುಚ್ಚಿ ಜೆರಾಕ್ಸ್ ಮಾಡಿಸಿದೆ.

9ನೇ ಕಾಲಂನಲ್ಲಿ ಮಾಲೀಕರು, 12ರಲ್ಲಿ ಸಾಗುವಳಿ ಮಾಡುವವರು. ಉಳುವ ಜಮೀನು ತನ್ನ ಹೆಸರಿಗಾಗಲಿ ಅಂತ ಫಾರಂ 7ರ ಅರ್ಜಿ ಹಾಕಿ ಭೂನ್ಯಾಯ ಮಂಡಳಿ ಮುಂದೆ ನಿಂತ ಗೇಣಿದಾರನಿಗೆ ಪಹಣಿಯಲ್ಲಿ ಹೆಸರಿದ್ದರೆ ಬಲ. ಇಲ್ಲದಿದ್ದರೆ ಸಾಕ್ಷಿ ಹುಡುಕಿ ಅಲೆಯಬೇಕು. ಹಾಳೆ ಕೈಯಲ್ಲಿದ್ದಾಗ ಹೇಳಿದರೆ ಇದು ತಲೆಗೆ ಹತ್ತುತ್ತದೆ.

ಆಮೇಲೆ ಕೇಳಿದೆ: ಇದರಲ್ಲಿ ಯಾರ ಹೆಸರಿದೆ? ಯಾರದು ಇಲ್ಲ? ಉತ್ತರ ಹೇಳದೆ ಸುಮ್ನೆ ಕೂತೆ. ಕೂಲಿಯವರು ಎಲ್ಲೂ ಇಲ್ಲ ಅಂತ ಹಿಂದಿನ ಬೆಂಚಿನಿಂದ ಬಂತು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ, "ಸರ್, ನಾಟಿ ಹಾಕೋರು ನಾವು, ಕಳೆ ಕೀಳೋರು ನಾವು. ಹೆಂಗಸರ ಹೆಸರು ಒಂದೂ ಇಲ್ವಲ್ಲ?" ಅಂದಳು.

ಅಲ್ಲಿಂದ ಪಾಠ ಅವರ ಕೈಗೆ ಹೋಯಿತು. ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ 1933ರಲ್ಲೇ ಕಾಯ್ದೆ ತಂದಿತ್ತು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. "ಮದುವೆಗೆ ಖರ್ಚು ಮಾಡಿರ್ತೀವಲ್ಲ ಸರ್" ಅಂದ ಒಬ್ಬ. ಲೆಕ್ಕ ಹಾಕಪ್ಪ ಅಂದೆ. ಛತ್ರ, ಊಟ, ಒಡವೆ ಒಂದು ಕಡೆ ಬರೆದ, ಒಂದು ಎಕರೆಯ ಈಗಿನ ಬೆಲೆ ಇನ್ನೊಂದು ಕಡೆ. ಅಣ್ಣನ ಮದುವೆ ಖರ್ಚನ್ನು ಯಾರ ಪಾಲಿನಲ್ಲಿ ಕಳೆದರು ಅಂತ ಹುಡುಗಿಯರು ಕೇಳಿದರು. ಅವನ ಹತ್ತಿರ ಅದಕ್ಕೆ ಲೆಕ್ಕ ಇರಲಿಲ್ಲ.

ಕೆಲವು ದಿನಗಳಲ್ಲಿ ಒಬ್ಬರ ತಂದೆಯ ಫೋನ್ ಬಂತು. ಹಕ್ಕು ಬಿಡುಗಡೆ ಪತ್ರ ಅಂದರೇನು ಅಂತ ಮಗಳು ಮನೆಯಲ್ಲಿ ಕೇಳಿದ್ದಳು. ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಪತ್ರ ಅದು. ಅವಳ ತಾಯಿ ತವರಿನಲ್ಲಿ ಅದಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮಕ್ಕೆ ಅಂತ ಸೀರೆ ಉಡಿಸಿಕೊಂಡು ಬಂದಿದ್ದರಂತೆ. "ಮೇಷ್ಟ್ರೇ, ಪಾಠ ಮಾಡಿ, ಮನೆ ಒಡೀಬೇಡಿ" ಅಂದರು. "ಕೋರ್ಟಿಗೆ ಹೋಗಿ ಅಂದಿಲ್ಲ ಅಣ್ಣ, ಓದಿ ಸಹಿ ಹಾಕಿ ಅಂದಿದ್ದೀನಿ" ಅಂದೆ. ಅವರ ಭಯ ಸುಳ್ಳಲ್ಲ. ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ಅದಕ್ಕೇ ತರಗತಿಯಲ್ಲಿ ನಾನು ತೀರ್ಪು ಕೊಡುವುದಿಲ್ಲ. ಪ್ರಶ್ನೆಯನ್ನು ಮಾತ್ರ ತಡೆಯುವುದಿಲ್ಲ.

ಮದುವೆ ಖರ್ಚಿನ ಹುಡುಗ ಸೆಮಿಸ್ಟರ್ ಮುಗಿದ ಮೇಲೆ ಬಂದ. ತಂದೆ ತೀರಿಕೊಂಡಿದ್ದರು. ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಮಾಡಿಸಬೇಕಿತ್ತು. "ಅಕ್ಕನ ಹೆಸರು ಬಿಡು ಅಂತಾರೆ ದೊಡ್ಡಪ್ಪ. ಬಿಟ್ಟರೆ ಏನಾಗುತ್ತೆ ಸರ್?" ಸುಳ್ಳು ಅಫಿಡವಿಟ್ ಆಗುತ್ತೆ ಕಣಪ್ಪ ಅಂದೆ. ಹೆಸರು ಸೇರಿಸಿಯೇ ನಾಡಕಚೇರಿಗೆ ಅರ್ಜಿ ಕೊಟ್ಟ. ಪಾಲಿನ ಮಾತು ಮನೆಯಲ್ಲಿ ಇನ್ನೂ ನಡೆಯುತ್ತಿದೆಯಂತೆ.