ಫ್ರೇಮಿನ ಮೂಲೆ ಬಾಯಿ ಬಿಡಬಾರದು ಅಂದ್ರೆ

ಚಿತ್ರಕ್ಕೆ ಮರದ ಫ್ರೇಮ್ ನೀವೇ ಮಾಡಿಕೊಳ್ಳಬಹುದು. ನಾಲ್ಕು ಪಟ್ಟಿ, ನಾಲ್ಕು ಮೂಲೆ, ಅಷ್ಟೇ ಅಲ್ವಾ? ಆದರೆ ಕೈ ಕೊಡುವುದು ಆ ಮೂಲೆಗಳೇ.

ಮೊದಲು ಮರ. ಚೆನ್ನಾಗಿ ಒಣಗಿರಬೇಕು, ಗಂಟು ಇರಬಾರದು. ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿ, ಬಾಗಿದ್ದರೂ ತಿರುಚಿದ್ದರೂ ಅಲ್ಲೇ ಗೊತ್ತಾಗುತ್ತದೆ. ಹಸಿ ಮರವಾದರೆ ಎಷ್ಟೇ ನೀಟಾಗಿ ಕೂಡಿಸಿ, ಅದು ಒಣಗಿ ಅಗಲ ಕುಗ್ಗಿದಾಗ ಮೂಲೆ ಒಳಗಡೆಯಿಂದ ಬಿಟ್ಟುಕೊಳ್ಳುತ್ತದೆ.

ಪಟ್ಟಿಯ ಹಿಂಬದಿಯ ಒಳ ಅಂಚಿಗೆ ಉದ್ದಕ್ಕೂ ಮೆಟ್ಟಿಲಿನ ಹಾಗೆ ಒಂದು ತೋಡು ಬೇಕು. ಗಾಜು, ಮೌಂಟ್ (ಚಿತ್ರದ ಸುತ್ತ ಬರುವ ದಪ್ಪ ರಟ್ಟು), ಚಿತ್ರ, ಹಿಂದಿನ ಬೋರ್ಡು ಎಲ್ಲ ಕೂರುವುದು ಅದರಲ್ಲೇ. ಅಗಲ 6 ಮಿ.ಮೀ., ಆಳ 12 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಸಾಕು. ತೋಡು ಕೊರೆಯುವ ರೂಟರ್ ಯಂತ್ರ ಇಲ್ವಾ? ತೆಳು ಪಟ್ಟಿಯ ಹಿಂದೆ, ಅದಕ್ಕಿಂತ 6 ಮಿ.ಮೀ. ಕಡಿಮೆ ಅಗಲದ 12 ಮಿ.ಮೀ. ದಪ್ಪದ ಪಟ್ಟಿಯನ್ನು ಹೊರ ಅಂಚು ಸಮ ಮಾಡಿ ಅಂಟಿಸಿ. ತೋಡು ತಾನೇ ಬರುತ್ತದೆ.

ಈಗ ಅಳತೆ. ಚಿತ್ರ (ಮೌಂಟ್ ಇದ್ದರೆ ಅದೂ ಸೇರಿ) 300 × 400 ಮಿ.ಮೀ., ಪಟ್ಟಿಯ ಅಗಲ 30 ಅಂದುಕೊಳ್ಳಿ. ಚಿತ್ರ ಬಿಗಿಯಾಗಿ ಕೂರಬಾರದು, ಹವೆ ಬದಲಾದಾಗ ಮರವೂ ಕಾಗದವೂ ಹಿಗ್ಗಿ ಕುಗ್ಗುತ್ತವೆ, ಅದಕ್ಕೇ 3 ಮಿ.ಮೀ. ಸಡಿಲ ಬಿಡಿ. ತೋಡು ಬಿಟ್ಟು ಉಳಿಯುವ ಮರ ಪ್ರತಿ ಬದಿಗೆ 24. ಹಾಗಾಗಿ ಉದ್ದದ ಪಟ್ಟಿಯ ಹೊರ ಅಳತೆ 400 + 3 + 48, ಅಂದರೆ 451. ಗಿಡ್ಡದ್ದು 351. ಎಲ್ಲ ಸೇರಿ 1.6 ಮೀಟರ್ ಚಿಲ್ಲರೆ, ಆದರೂ 2 ಮೀಟರ್ ತೆಗೆದುಕೊಳ್ಳಿ.

ಪಟ್ಟಿಗಳ ತುದಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ದು ಮೂಲೆ ಕೂಡಿಸಬೇಕು. ಮೂಲೆಯಲ್ಲಿ ಸಂದು ಕಂಡರೆ ಎಲ್ಲರೂ ಆ 45 ಡಿಗ್ರಿಯನ್ನೇ ಬೈಯುತ್ತಾರೆ. ಕೋನ ಸರಿಯಿದ್ದರೂ ಎದುರುಬದುರಿನ ಎರಡು ಪಟ್ಟಿ ಒಂದೇ ಉದ್ದ ಇಲ್ಲದಿದ್ದರೆ, ಮೂರು ಮೂಲೆ ಚೆನ್ನಾಗಿ ಕೂತು ನಾಲ್ಕನೆಯದು ಬಾಯಿ ಬಿಡುತ್ತದೆ. ಒಂದೊಂದನ್ನೂ ಟೇಪಿನಲ್ಲಿ ಅಳೆದು ಕೊಯ್ಯಬೇಡಿ. ಮೈಟರ್ ಬಾಕ್ಸ್ (ಗರಗಸವನ್ನು 45 ಡಿಗ್ರಿಗೆ ಹಿಡಿದಿಡುವ ಪೆಟ್ಟಿಗೆ) ಪಕ್ಕದಲ್ಲಿ ಒಂದು ಮರದ ತುಂಡನ್ನು ತಡೆಯಾಗಿ ಬಿಗಿದು, ಜೋಡಿಯ ಎರಡೂ ಪಟ್ಟಿಯನ್ನು ಅದಕ್ಕೇ ಒತ್ತಿ ಕೊಯ್ಯಿರಿ. ಆಮೇಲೆ ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ತುದಿಯ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಇನ್ನೂ ಉಜ್ಜಬೇಕು ಅಂತ ಅರ್ಥ. ಪುಟ್ಟಿ ಮೆತ್ತಿ ಮುಚ್ಚುವವರಿದ್ದಾರೆ, ಆದರೆ ಪಾಲಿಶ್ ಹೊಡೆದ ಮೇಲೆ ಅದು ಎದ್ದು ಕಾಣುತ್ತದೆ.

ಕೊಯ್ದ ಮುಖ ಗೋಂದನ್ನು ಹೀರಿಕೊಳ್ಳುತ್ತದೆ. ತೆಳುವಾಗಿ ಒಮ್ಮೆ ಸವರಿ, ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಹಚ್ಚಿ ಕೂಡಿಸಿ. ತೇಗವಾದರೆ ಮೊದಲೇ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಆ ಮರದಲ್ಲಿ ಎಣ್ಣೆಯಂಶ ಜಾಸ್ತಿ. ಸುತ್ತ ಹಗ್ಗ ಅಥವಾ ಬೆಲ್ಟ್ ಕ್ಲಾಂಪ್ ಬಿಗಿದು ಎರಡು ಕರ್ಣಗಳನ್ನೂ ಅಳೆಯಿರಿ. ಸಮ ಇಲ್ಲದಿದ್ದರೆ ಉದ್ದ ಇರುವ ಕಡೆಯಿಂದ ಮೆಲ್ಲಗೆ ಒತ್ತಿ. ಒಂದು ದಿನ ಮುಟ್ಟಬೇಡಿ. ದೊಡ್ಡ ಫ್ರೇಮ್ ಆದರೆ ಮೂಲೆಗೆ ಅಡ್ಡ ಸೀಳು ಹಾಕಿ ತೆಳು ಮರದ ಚೂರು ಅಂಟಿಸಿ, ಬರೀ ಗೋಂದು ಸಾಲದು.

ಉಜ್ಜಿ, ಪಾಲಿಶ್ ಮಾಡಿ, ಪೂರ್ತಿ ಒಣಗಿದ ಮೇಲೇ ಚಿತ್ರ ಒಳಗೆ ಹೋಗಬೇಕು. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ, ವರ್ಷಗಳಾದ ಮೇಲೆ ಕಾಗದದಲ್ಲಿ ಹಳದಿ ಕಲೆ ಉಳಿಯುತ್ತದೆ. ಆಮ್ಲರಹಿತ ಮೌಂಟ್‌ಗೆ ಚಿತ್ರದ ಮೇಲಂಚನ್ನಷ್ಟೇ ಎರಡು ಸಣ್ಣ ಕಾಗದದ ಪಟ್ಟಿ ಮತ್ತು ಗೋಧಿ ಗಂಜಿಯ ಅಂಟಿನಿಂದ ತೂಗುಹಾಕಿ, ಬೇಕಾದಾಗ ನೀರು ಸೋಕಿಸಿ ಬಿಡಿಸಬಹುದು. ಗಾಜು ಚಿತ್ರಕ್ಕೆ ತಾಗಬಾರದು, ತೇವ ಸಿಕ್ಕಿಕೊಂಡರೆ ಬಣ್ಣ ಗಾಜಿಗೇ ಅಂಟುತ್ತದೆ. ಕ್ಯಾನ್ವಾಸಿನ ಎಣ್ಣೆಬಣ್ಣದ ಚಿತ್ರಕ್ಕಾದರೆ ಸಾಮಾನ್ಯವಾಗಿ ಗಾಜೇ ಬೇಡ.

ಕೊಕ್ಕೆಗಳನ್ನು ಮೇಲಿನಿಂದ ಮೂರನೇ ಒಂದು ಭಾಗದ ಎತ್ತರಕ್ಕೆ ಹಾಕಿ, ಕೆಳಗಿನ ಎರಡು ಮೂಲೆಗೆ ರಬ್ಬರ್ ಬೊಟ್ಟು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ, ಗೋಡೆಯ ತೇವ ಚಿತ್ರಕ್ಕೆ ಇಳಿಯುವುದಿಲ್ಲ.