ಕುಮುದ್ವತಿ: ಒಂದು ಹೆಸರಿನ ಜಾಡು ಹಿಡಿದು

ಅಣ್ಣನ ಮಗಳಿಗೆ ನಮ್ಮ ಅಜ್ಜಿಯ ಹೆಸರನ್ನೇ ಇಡೋದು ಅಂತ ಮನೆಯಲ್ಲಿ ಮಾತಾಯಿತು. ಕುಮುದ್ವತಿ. ಅತ್ತಿಗೆಗೆ ಹೆಸರು ಇಷ್ಟವಾಯಿತು, ಆದರೆ ಎರಡು ವಿಷಯ ಗೊತ್ತಾಗದೆ ಒಪ್ಪಲ್ಲ ಅಂದರು. ಇದರ ಅರ್ಥ ಎಂತ? ಈಗಿನ ಕಾಲದಲ್ಲಿ ಯಾರಾದರೂ ಈ ಹೆಸರು ಇಡ್ತಾರಾ? ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ಹಾಗಾಗಿ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

ಮೊದಲು ಎಲ್ಲರಂತೆ ಮೊಬೈಲ್ ತೆಗೆದೆ. ಮಕ್ಕಳ ಹೆಸರಿನ ಪಟ್ಟಿ ಕೊಡುವ ತಾಣಗಳಲ್ಲಿ ‘ತಾವರೆ’ ಅಂತ ಇತ್ತು, ‘ಚಂದ್ರನಂಥವಳು’ ಅಂತಲೂ ಇತ್ತು. ಜೊತೆಗೆ ಅದೃಷ್ಟ ಸಂಖ್ಯೆ, ಅದೃಷ್ಟದ ಬಣ್ಣ. ಎಲ್ಲಿಂದ ತಂದರು ಅಂತ ಯಾರೂ ಹೇಳಲ್ಲ. ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ಎತ್ತಿ ಹಾಕಿರುತ್ತಾರೆ. ಸುಮ್ನೆ ಹೊತ್ತು ಕಳೆಯೋದು ಬೇಡ ಅಂತ ಅದನ್ನು ಬಿಟ್ಟು, ಅಜ್ಜಿ ಬಿಟ್ಟುಹೋದ ಕಾಗದ ಪತ್ರಗಳನ್ನು ಹರಡಿಕೊಂಡು ಕೂತೆ.

ಅಲ್ಲಿ ಒಬ್ಬ ಅಜ್ಜಿಗೆ ನಾಲ್ಕು ಹೆಸರು! ಪಹಣಿಯಲ್ಲಿ ‘ಕುಮುದಮ್ಮ ಕೋಂ’, ಅಂದರೆ ಇಂಥವರ ಹೆಂಡತಿ ಅಂತ, ಅಜ್ಜನ ಹೆಸರಿನ ಜೊತೆ. ಮತದಾರರ ಗುರುತಿನ ಚೀಟಿಯಲ್ಲಿ ‘ಕುಮುದಾವತಿ’. ಅವಳ ಅಣ್ಣ ಬರೆದ ಕಾಗದದಲ್ಲಿ ‘ಕುಮುದೆ’. ಊರಿನವರ ಬಾಯಲ್ಲಿ ಕೊನೆಯವರೆಗೂ ಕುಮ್ದಕ್ಕ. ಹಾಗಾದರೆ ಹುಟ್ಟಿದಾಗ ಇಟ್ಟದ್ದು ಯಾವುದು? ಅಪ್ಪನನ್ನು ಕೇಳಿದರೆ, “ಕುಮುದ್ವತಿ ಅಂತಲೇ. ಅಟ್ಟದ ಮೇಲಿನ ಪಾತ್ರೆ ನೋಡು” ಅಂದರು.

ಅಟ್ಟದಲ್ಲಿ, ಹಳೇ ಗೋಣಿ ಚೀಲಗಳ ಹಿಂದೆ, ಅವಳ ತವರಿನವರು ಮದುವೆಗೆ ಕೊಟ್ಟ ಹಿತ್ತಾಳೆ ಕೊಳಗ ಇತ್ತು. ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಎದ್ದು ಬಂತು. ಟಾರ್ಚನ್ನು ಪಕ್ಕದಿಂದ ಹಿಡಿದರೆ ಚುಕ್ಕಿಗಳಲ್ಲಿ ನೆರಳು ಬಿದ್ದು ಚೆನ್ನಾಗಿ ಓದಬಹುದು, ಎದುರಿಂದ ಹಿಡಿದರೆ ಬರೀ ಹೊಳಪು. ‘ಕುಮು’ ಸಲೀಸಾಗಿದೆ. ‘ದ’ ಆದಮೇಲೆ ಜಾಗ ಸಾಲದೆ ವ ಒತ್ತನ್ನು ಕೆಳಗಿನ ಗೆರೆಯ ಮೇಲೇ ಹತ್ತಿಸಿಬಿಟ್ಟಿದ್ದಾರೆ. ಪಾತ್ರೆ ಅಂಗಡಿಯವರಿಗೆ ‘ಕುಮುದವತಿ’ ಅಂತ ಹೊಡೆಯೋದು ಎಷ್ಟೋ ಸುಲಭವಿತ್ತು. ಕಷ್ಟಪಟ್ಟು ಒತ್ತಕ್ಷರ ಹೊಡೆದಿದ್ದಾರೆ ಅಂದರೆ ಯಾರೋ ಚೀಟಿಯಲ್ಲಿ ಸರಿಯಾಗಿ ಬರೆದು ಕೊಟ್ಟಿರಬೇಕು. ನಿಮ್ಮ ಮನೆಯ ಹಳೇ ಹೆಸರು ಹುಡುಕುವುದಿದ್ದರೆ ಪಾತ್ರೆಗಳನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಗುಮಾಸ್ತರು ಕೇಳಿದ ಹಾಗೆ ಬರೆಯುತ್ತಾರೆ. ಪಾತ್ರೆಗೆ ಮನೆಯವರು ಹೇಳಿ ಬರೆಸುತ್ತಾರೆ.

‘ದವ’ ಅಲ್ಲ, ‘ದಾವ’ ಅಲ್ಲ, ‘ದ್ವ’ ಯಾಕೆ? ಪರಿಚಯದ ನಿವೃತ್ತ ಸಂಸ್ಕೃತ ಮೇಷ್ಟ್ರ ಹತ್ತಿರ ಹೋದೆ. ಕಾಫಿ ಬರುವಷ್ಟರಲ್ಲಿ ಪಾಣಿನಿಯ ಸೂತ್ರ ಹೇಳಿಬಿಟ್ಟರು. ಕುಮುದ, ನಡ, ವೇತಸ ಈ ಮೂರು ಪದಗಳಿಗೆ ‘ಇದು ಇಲ್ಲಿ ಇದೆ’ ಅನ್ನುವ ಅರ್ಥದಲ್ಲಿ ಒಂದು ಪ್ರತ್ಯಯ ಹತ್ತುತ್ತದೆ. ಅದು ಹತ್ತುವಾಗ ಪದದ ಕೊನೆಯ ಅಕಾರ ಬಿದ್ದುಹೋಗುತ್ತದೆ. ಹಾಗಾಗಿ ಕುಮುದ್ವತ್, ಸ್ತ್ರೀಲಿಂಗದಲ್ಲಿ ಕುಮುದ್ವತೀ. ನಡ ಅಂದರೆ ಜೊಂಡು, ವೇತಸ ಅಂದರೆ ಬೆತ್ತ. ಮೂರೂ ನೀರಿನ ಬದಿಯವೇ, ನೋಡಿ. ಶರಾವತಿ, ಪದ್ಮಾವತಿ, ಅಮರಾವತಿ ಅಂತ ದಿನಾ ಹೇಳುವ ನಾಲಿಗೆಗೆ ‘ಕುಮುದಾವತಿ’ಯೇ ಸಲೀಸು. ಗುರುತಿನ ಚೀಟಿಯಲ್ಲಿ ಆದದ್ದೂ ಅದೇ.

ಕುಮುದ ಅಂದರೆ ಬಿಳಿ ನೈದಿಲೆ. ತಾವರೆಯಲ್ಲ. ನಮ್ಮ ಕಡೆ ಕೆರೆ ದಂಡೆಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ತಾವರೆ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಪೂರ್ತಿ ದುಂಡು. ನೈದಿಲೆ ಎಲೆ ನೀರಿಗೆ ಅಂಟಿಕೊಂಡೇ ತೇಲುತ್ತದೆ, ಒಂದು ಕಡೆ ಸೀಳಿರುತ್ತದೆ. ತಾವರೆ ಬಿಸಿಲಿಗೆ ಅರಳಿದರೆ ಈ ಬಿಳಿ ನೈದಿಲೆ ರಾತ್ರಿ ಅರಳಿ, ಬೆಳಗ್ಗೆ ಬಿಸಿಲೇರಿದ ಹಾಗೆ ಮುಚ್ಚಿಕೊಳ್ಳುತ್ತದೆ. ಕವಿಗಳು ಇದನ್ನು ಚಂದ್ರನಿಗೆ ಗಂಟು ಹಾಕಿದ್ದು ಅದಕ್ಕೇ. ‘ಚಂದ್ರನಂಥವಳು’ ಅಂತ ಬರೆದವರು ಈ ಗಂಟನ್ನೇ ತಲೆಕೆಳಗು ಮಾಡಿದ್ದಾರೆ. ಅಮರಕೋಶ ಕುಮುದ್ವತಿಯನ್ನು ಕುಮುದಿನಿಯ ಜೊತೆ ಇಟ್ಟಿದೆ. ಒಂಟಿ ಹೂವಲ್ಲ, ನೈದಿಲೆ ತುಂಬಿದ ಬಳ್ಳಿ, ನೈದಿಲೆ ತುಂಬಿದ ಕೊಳ.

ಹೆಣ್ಣುಮಗಳ ಹೆಸರಾಗಿ ಇದು ಚೆನ್ನಾಗಿ ಕಾಣಿಸುವುದು ಕಾಳಿದಾಸನ ರಘುವಂಶದಲ್ಲಿ, 16ನೇ ಸರ್ಗದಲ್ಲಿ. ರಾಮನ ಮಗ ಕುಶ ಸರಯೂ ನದಿಯಲ್ಲಿ ಜಲಕ್ರೀಡೆ ಆಡುವಾಗ ಅಪ್ಪ ಕೊಟ್ಟ ಆಭರಣ ಜಾರಿ ನೀರಿಗೆ ಬೀಳುತ್ತದೆ. ಮಡುವಿನ ಒಳಗಿರುವ ಕುಮುದ ಎಂಬ ನಾಗನೇ ಕದ್ದ ಅಂತ ಕುಶ ಬಾಣ ಹೂಡುತ್ತಾನೆ. ನಾಗ ತಂಗಿಯನ್ನು ಕರೆದುಕೊಂಡು ಮೇಲೆ ಬರುತ್ತಾನೆ. ಅವಳೇ ಕುಮುದ್ವತಿ. ಚೆಂಡಾಡುತ್ತಾ ಮೇಲೆ ನೋಡಿದಾಗ ಆಭರಣ ಬೀಳುತ್ತಿರೋದು ಕಂಡು ಹಿಡಿದುಕೊಂಡಿದ್ದಳಂತೆ. ಕೊನೆಗೆ ಕುಶನಿಗೇ ಮದುವೆ ಮಾಡಿಕೊಡುತ್ತಾರೆ, ಅತಿಥಿ ಎಂಬ ಮಗ ಹುಟ್ಟುತ್ತಾನೆ. ಚೆಂಡಾಡುವ ಹುಡುಗಿ ಅಂದದ್ದು ಅತ್ತಿಗೆಗೆ ಬಹಳ ಹಿಡಿಸಿತು. ಸಂಗೀತದ 22 ಶ್ರುತಿಗಳಲ್ಲಿ ಎರಡನೆಯದಕ್ಕೂ ಕುಮುದ್ವತಿ ಅಂತಲೇ ಹೆಸರು. ತೀವ್ರಾ, ಕುಮುದ್ವತೀ, ಮಂದಾ, ಛಂದೋವತೀ, ಈ ನಾಲ್ಕು ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ ಸೇರಿದವು.

ಆದರೆ ಅಜ್ಜಿಗೆ ಈ ಹೆಸರು ಕಾಳಿದಾಸನಿಂದ ಬಂದಿರಲಾರದು. ಅವಳ ತವರು ಶಿಕಾರಿಪುರ ತಾಲ್ಲೂಕು, ಅಲ್ಲಿ ಕುಮುದ್ವತಿ ಅಂದರೆ ಹೊಳೆ. ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ ಹುಟ್ಟಿ, ಶಿಕಾರಿಪುರದ ಕಡೆಯಿಂದ ಹಾದು, ಮುಂದೆ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆ ಸೇರುತ್ತದೆ. ಅಂಜನಾಪುರದ ಜಲಾಶಯ ಇದಕ್ಕೇ ಕಟ್ಟಿದ್ದು. ಹುಂಚದ ಜೈನ ಬಸದಿಯ ಅಮ್ಮನವರ ಹೆಸರು ಪದ್ಮಾವತಿ, ಪಕ್ಕದಲ್ಲಿ ಹುಟ್ಟುವ ಹೊಳೆ ಕುಮುದ್ವತಿ. ಒಂದೇ ಊರಲ್ಲಿ ತಾವರೆಯೂ ಇದೆ, ನೈದಿಲೆಯೂ ಇದೆ. ಬೆಂಗಳೂರಿನ ಕಡೆ ಶಿವಗಂಗೆಯಲ್ಲಿ ಹುಟ್ಟಿ ಅರ್ಕಾವತಿ ಸೇರುವ ಇನ್ನೊಂದು ಕುಮುದ್ವತಿಯೂ ಇದೆ. ಅದು ಬೇರೆ.

ನಮ್ಮಲ್ಲಿ ಹೊಳೆಯ ಹೆಸರು ಹೆಣ್ಣುಮಕ್ಕಳಿಗೆ ಇಡೋದು ಹೊಸದಲ್ಲ. ತುಂಗಾ, ಭದ್ರಾ, ವರದಾ, ಶರಾವತಿ ಎಲ್ಲರೂ ಇದ್ದಾರೆ. ಆದರೂ ದೊಡ್ಡಪ್ಪ ಒಂದು ತಕರಾರು ತೆಗೆದರು. ನದಿಯ ಹೆಸರಿನ ಹುಡುಗಿಯನ್ನು ಮದುವೆಯಾಗಬಾರದು ಅಂತ ಮನುಸ್ಮೃತಿಯಲ್ಲಿದೆಯಲ್ಲ ಅಂತ. ಇರೋದು ಹೌದು, ಮೂರನೇ ಅಧ್ಯಾಯದಲ್ಲಿ. ನಕ್ಷತ್ರ, ಮರ, ಹಕ್ಕಿ, ಬೆಟ್ಟದ ಹೆಸರೂ ಬೇಡ ಅನ್ನುತ್ತದೆ. “ದೊಡ್ಡಪ್ಪ, ದೊಡ್ಡಮ್ಮನ ಹೆಸರು ಕಾವೇರಿ ಅಲ್ವಾ?” ಅಂದೆ. ದೊಡ್ಡಮ್ಮ ಒಳಗಿನಿಂದಲೇ ನಕ್ಕರು. ಆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಈಗ ಯಾರು ಇಡ್ತಾರೆ ಅನ್ನೋದು. ಇದನ್ನು ತಿಳಿಯೋದು ನಮ್ಮ ದೇಶದಲ್ಲಿ ಕಷ್ಟ. ಅಮೆರಿಕದಲ್ಲಿ 1880ರಿಂದ ಈಚೆಗೆ ಯಾವ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಅಂತ ಸರ್ಕಾರವೇ ಪಟ್ಟಿ ಕೊಡುತ್ತದೆ. ಐದಕ್ಕಿಂತ ಕಡಿಮೆ ಇದ್ದರೆ ಮಾತ್ರ ಹಾಕಲ್ಲ. ನಮ್ಮಲ್ಲಿ ಕೈಗೆ ಸಿಗೋದು ಮತದಾರರ ಪಟ್ಟಿ. ಅದರಲ್ಲಿ ಹೆಸರಿನ ಜೊತೆ ವಯಸ್ಸೂ ಇರುತ್ತದೆ, ಅದೇ ದೊಡ್ಡ ಉಪಕಾರ. ನಮ್ಮೂರಿನದು ಮತ್ತು ಸುತ್ತಲಿನ ಊರುಗಳದ್ದು ತೆಗೆದು, ಕಣ್ಣಲ್ಲೇ ಓದಿ ಗುರುತು ಹಾಕಿದೆ. ಕುಮುದಾ, ಕುಮುದಮ್ಮ ಸುಮಾರಾಗಿ ಸಿಕ್ಕರು, ಎಲ್ಲರೂ ವಯಸ್ಸಾದವರು. ಕುಮುದಿನಿ ಅಪರೂಪ. ಪೂರ್ತಿ ಕುಮುದ್ವತಿ ಅಂತ ಇದ್ದವರು ಬೆರಳಲ್ಲಿ ಎಣಿಸುವಷ್ಟೂ ಇಲ್ಲ. ಅಜ್ಜಿಯ ಹಾಗೆ ಕಾಗದದಲ್ಲಿ ಕುಮುದಮ್ಮ ಆಗಿಹೋದವರು ಎಷ್ಟು ಜನ ಇದ್ದಾರೋ, ಅದನ್ನು ಪಟ್ಟಿ ಹೇಳಲ್ಲ. ಇಪ್ಪತ್ತರ ಆಸುಪಾಸಿನವರಲ್ಲಿ ‘ಕುಮುದ’ ಇರುವ ಯಾವ ಹೆಸರೂ ಕಾಣಲಿಲ್ಲ. ಶಾಲೆಯಲ್ಲಿ ಒಂದೇ ಹೆಸರಿನ ಮೂವರಿಗೆ ಇನಿಷಿಯಲ್ ಹಿಡಿದು ಕರೆಯುವ ಪಾಡು ನಮ್ಮ ಹುಡುಗಿಗೆ ಬರಲ್ಲ ಅಂದೆ. ಅತ್ತಿಗೆ ಒಪ್ಪಿದರು.

ಪಂಚಾಂಗ ನೋಡುವವರಿಗೆ ಒಂದು ಮಾತು. ‘ಕು’ ಆರಿದ್ರಾ ನಕ್ಷತ್ರದ ಮೊದಲ ಪಾದದ ಅಕ್ಷರ. ನಮ್ಮ ಮಗುವಿನ ನಕ್ಷತ್ರ ಅದಲ್ಲ. ನಕ್ಷತ್ರದ ಹೆಸರು ಬೇರೆ ಇಟ್ಟು, ಕರೆಯುವ ಹೆಸರು ಇದನ್ನಿಟ್ಟೆವು. ಪುರೋಹಿತರೇನೂ ಬೇಡ ಅನ್ನಲಿಲ್ಲ.

ಕೊನೆಗೆ ಬರೆಸುವ ಕೆಲಸ. ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಆಗುತ್ತದೆ. ಹಾಗಾಗಿ ಅವಸರ ಮಾಡಬೇಕಾಗಿಲ್ಲ. ಇಂಗ್ಲಿಷ್ ಕಾಗುಣಿತ ಯಾವುದು ಅಂತ ಮನೆಯಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಿ. ‘ತಿ’ಗೆ ಎಚ್ ಹಾಕೋದಾ ಬಿಡೋದಾ, ‘ವ’ಗೆ ವಿ ಯಾ ಡಬ್ಲ್ಯೂ ನಾ ಅಂತ. ನಾವು ಎಚ್ ಹಾಕಿದೆವು, ನಮ್ಮ ಕಡೆ ಎಲ್ಲ ವತಿಗಳಿಗೂ ಅದೇ ರೂಢಿ. ಇಂಗ್ಲಿಷ್ ಟೈಪ್ ಮಾಡಿದ ಕೂಡಲೇ ಕಂಪ್ಯೂಟರ್ ತಾನಾಗಿ ಕನ್ನಡ ಬರೆದುಕೊಳ್ಳುತ್ತದೆ, ಅಲ್ಲಿ ಕಣ್ಣಿಡಬೇಕು. ಆಧಾರ್ ಮಾಡಿಸುವಾಗ ಪರದೆಯ ಮೇಲೆ ಮೊದಲು ಬಂದದ್ದು ‘ಕುಮುದ್ವಥಿ’. ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿದ್ದೆ, ತೋರಿಸಿದೆ. ಆ ಹುಡುಗ ಅಳಿಸಿ, ಒತ್ತು ಎಲ್ಲಿ ಬರುತ್ತೆ ಮೇಡಂ ಅಂತ ಕೇಳಿ ಸರಿ ಮಾಡಿ ಕೊಟ್ಟ. ಮನೆಯಲ್ಲಿ ಕರೆಯೋದು ಕುಮ್ಮಿ ಅಂತ.